ನೀರಿನ ಮೇಡಂ

ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಯಾವಾಗಲೂ ಕಪ್ಪಗಿರುತ್ತಿತ್ತು. ನೀರಿನ ಪರೀಕ್ಷೆಗೆ ಬಳಸುವ ಸಿಲ್ವರ್ ನೈಟ್ರೇಟ್ ತಾಗಿದರೆ ಹಾಗೆ ಕಲೆ ಕಟ್ಟುತ್ತದೆ. ತೊಳೆದರೆ ಹೋಗುವುದಿಲ್ಲ, ಮೇಲಿನ ಚರ್ಮವೇ ಸವೆದು ಉದುರಬೇಕು. ಮದುವೆ ಮನೆಗಳಲ್ಲಿ ಹೆಂಗಸರು ಆ ಕೈ ನೋಡಿ, "ಬಾಳೆಕಾಯಿ ಹೆಚ್ಚಿದ್ರಾ? ಒಸಿ ಎಣ್ಣೆ ಸವರ್ಕೋಬಾರ್ದಿತ್ತಾ?" ಎನ್ನುತ್ತಿದ್ದರಂತೆ. "ಹೂಂ ಕಣಮ್ಮ, ಮರ್ತೋಯ್ತು" ಎಂದು ಇವರು ಒಪ್ಪಿಕೊಂಡುಬಿಡುತ್ತಿದ್ದರಂತೆ.

ವಿಶ್ವವಿದ್ಯಾಲಯದಲ್ಲಿ ಅವರು ರಸಾಯನಶಾಸ್ತ್ರದ ಪ್ರಾಧ್ಯಾಪಕಿ, ನನ್ನ ಪಿಎಚ್.ಡಿ. ಮಾರ್ಗದರ್ಶಿ. ಹುಟ್ಟಿದ್ದು ಮಧುಗಿರಿ ಬೆಟ್ಟದ ಬುಡದ ಒಂದು ಕೇರಿಯಲ್ಲಿ. ತರಗತಿಯಲ್ಲಿ ಇಂಗ್ಲಿಷ್, ಬಾಗಿಲು ದಾಟಿದರೆ ಅಪ್ಪಟ ಊರ ಮಾತು. ಶನಿವಾರ ಬಂತೆಂದರೆ ಖಾಲಿ ಕ್ಯಾನುಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು ಸರ್ಕಾರಿ ಬಸ್ಸು ಹತ್ತುತ್ತಿದ್ದರು. ಕೊರಟಗೆರೆ, ಮಧುಗಿರಿ ದಾಟಿ ಪಾವಗಡದ ಹಳ್ಳಿಗಳಲ್ಲಿ ಇಳಿದು ಕೊಳವೆಬಾವಿಗಳ ನೀರು ಹಿಡಿದು ತರುತ್ತಿದ್ದರು. ಹಳ್ಳಿಯವರಿಗೆ ಅವರು 'ನೀರಿನ ಮೇಡಂ'.

ನಾನು ಮೊದಲ ಸಲ ಅವರ ಕೋಣೆಗೆ ಹೋದಾಗ ಅವರೇನೋ ತಮಾಷೆ ಮಾಡಿದರು. ಅಭ್ಯಾಸದಂತೆ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ.

"ಯಾವೂರಮ್ಮ ನಿಂದು?"

"ಪಾವಗಡದ ಕಡೆ ಮೇಡಂ. ನಾಗಲಮಡಿಕೆ ಹತ್ರ."

"ಅದ್ಕೇ ಬಾಯಿ ಮುಚ್ಕೊಂಡು ನಗ್ತೀಯ."

ನಾನು ತಲೆ ತಗ್ಗಿಸಿದೆ. ನನ್ನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿವೆ. ನಮ್ಮೂರಿನಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಇವೆ. ನೀರಿನಲ್ಲಿರುವ ಫ್ಲೋರೈಡ್ ಮಾಡಿದ ಕೆಲಸ ಅದು. ವಯಸ್ಸಾದಂತೆ ಅದೇ ನೀರು ಮೂಳೆಗೂ ಇಳಿದು ಬೆನ್ನು ಬಾಗದಂತೆ ಮಾಡುತ್ತದೆ.

"ತಲೆ ಯಾಕೆ ತಗ್ಗಿಸ್ತೀಯ? ಹಲ್ಲು ಕೆಡ್ಸಿದ್ದು ನೀನಲ್ಲ. ಯಾವ ಬೋರಲ್ಲಿ ಎಷ್ಟು ಫ್ಲೋರೈಡ್ ಐತೆ ಅಂತ ನೀನೇ ಹುಡುಕು. ಇನ್ಯಾರೋ ಬಂದು ಯಾಕೆ ಹುಡುಕ್ಬೇಕು?"

ನನ್ನ ಸಂಶೋಧನೆಯ ವಿಷಯ ಹೀಗೆ ನಿಮಿಷದಲ್ಲಿ ತೀರ್ಮಾನವಾಯಿತು.

ಹಳೆಯ ವಿದ್ಯಾರ್ಥಿಗಳ ಸುದ್ದಿ ಹೇಳುವುದೆಂದರೆ ಅವರಿಗೆ ಬಲು ಇಷ್ಟ. ಔಷಧ ಕಂಪನಿಯಲ್ಲಿ ದೊಡ್ಡ ವಿಜ್ಞಾನಿಯಾದವರೊಬ್ಬರ ಫೋಟೊ ವಿಭಾಗದ ಗೋಡೆಯ ಮೇಲಿತ್ತು. ಮೇಡಂ ಬಾಯಲ್ಲಿ ಬರುತ್ತಿದ್ದವರು ಬೇರೆ. ಕೊಳಾಲದ ಹೈಸ್ಕೂಲಿನಲ್ಲಿ ಹಳೆಯ ಔಷಧಿ ಬಾಟಲಿಗಳನ್ನೇ ಕೂಡಿಸಿ ಪ್ರಯೋಗಾಲಯ ಮಾಡಿದ ಮೇಷ್ಟ್ರು. ಶಿರಾದ ಹತ್ತಿರ ನೀರು ಶುದ್ಧೀಕರಣ ಘಟಕ ನೋಡಿಕೊಳ್ಳುವ ಹುಡುಗಿ. "ಫಿಲ್ಟರ್ ಬದಲಾಯಿಸೋಗಂಟ ಬೀಗ ತೆಗೆಯಲ್ಲ ಅಂತ ಬಾಗ್ಲಲ್ಲೇ ಕೂತಳಂತೆ ಕಣೇ! ನನ್ ಸ್ಟೂಡೆಂಟು!" ಎಂದು ಹೇಳುವಾಗ ಅವರ ಮುಖ ನೋಡಬೇಕಿತ್ತು.

ನನ್ನ ಮೂರನೆಯ ವರ್ಷದಲ್ಲಿ ನಮ್ಮಿಬ್ಬರ ಹೆಸರಿನಲ್ಲಿ ಲೇಖನವೊಂದು ಹೆಸರಾಂತ ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಂಧ್ರದ ಗಡಿಯ ಹಳ್ಳಿಯೊಂದರ ಎರಡು ಕೊಳವೆಬಾವಿಗಳನ್ನು ಹೋಲಿಸಿ, ಕೆರೆ ಏರಿಯ ಕಡಿಮೆ ಆಳದ ಬಾವಿಗಿಂತ ಆಳದ ಬಾವಿಯಲ್ಲೇ ಫ್ಲೋರೈಡ್ ಕಡಿಮೆ ಎಂದು ಅದರಲ್ಲಿ ತೋರಿಸಿದ್ದೆವು. ವಿಶ್ವವಿದ್ಯಾಲಯ ಶಾಲು ಹೊದಿಸಿ ಫಲಕ ಕೊಟ್ಟಿತು. ನಮ್ಮ ವರದಿ ನಂಬಿ ಪಂಚಾಯಿತಿಯವರು ಶಾಲೆಯ ಹತ್ತಿರದ ಆಳದ ಬೋರಿಗೆ 'ಕುಡಿಯುವ ನೀರು' ಎಂದು ಬೋರ್ಡು ಬರೆಸಿದರು.

ಪ್ರಬಂಧ ಬರೆಯಲು ಒಂದು ದಿನ ಹಳೆಯ ಟಿಪ್ಪಣಿ ಪುಸ್ತಕ ತೆಗೆದೆ. ಬಾವಿಯ ಬಳಿಯೇ ನಿಂತು ಅಳೆದು ಬರೆದ ಅಂಕಿಗಳಿಗೂ ಲ್ಯಾಬಿನ ಅಂಕಿಗಳಿಗೂ ತಾಳೆಯಾಗಲಿಲ್ಲ. ಎರಡು ಬೋರುಗಳ ಹೆಸರನ್ನು ಅದಲುಬದಲು ಮಾಡಿ ನೋಡಿದೆ, ಸರಿಯಾಗಿ ಕೂತವು. ನೀರು ಹಿಡಿದ ದಿನ ಬಸ್ಸು ಬಂತೆಂದು ಓಡಿ, ಕ್ಯಾನುಗಳಿಗೆ ಚೀಟಿ ಅಂಟಿಸಿದ್ದು ಸೀಟಿನಲ್ಲಿ ಕೂತ ಮೇಲೆ. ಚೀಟಿ ಬದಲಾಗಿತ್ತು. ಕೆಟ್ಟ ನೀರಿಗೆ ಒಳ್ಳೆಯ ನೀರೆಂದು ನಾನೇ ಬರೆದಿದ್ದೆ.

ಮೂರು ದಿನ ಯಾರಿಗೂ ಹೇಳಲಿಲ್ಲ. ಮುಂದಿನ ತಿಂಗಳು ಕಾಲೇಜೊಂದರಲ್ಲಿ ನನ್ನ ಸಂದರ್ಶನವಿತ್ತು. ಆ ಲೇಖನವೇ ನನ್ನ ಬಲ. ನಾಲ್ಕನೆಯ ದಿನ ತಡೆಯಲಾರದೆ ಹೋಗಿ ಹೇಳಿದೆ. ಮೇಡಂ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು ಎರಡು ಸಲ ನೋಡಿದರು.

"ಎಷ್ಟು ದಿನದಿಂದ ಆ ನೀರು ಕುಡೀತಾವ್ರೆ?"

"ಎಂಟು ತಿಂಗಳು."

"ನಡಿ, ನಾಳೆ ಮೊದಲ ಬಸ್ಸಿಗೇ ಹೋಗಣ."

ಬೋರಿನ ಹತ್ತಿರ ಹೆಂಗಸರು ಬಿಂದಿಗೆ ಹಿಡಿದು ಸಾಲು ನಿಂತಿದ್ದರು. ಮೇಡಂ ಸುತ್ತಿಬಳಸದೆ ವಿಷಯ ಹೇಳಿದರು. ವಯಸ್ಸಾದ ಅಜ್ಜಿಯೊಬ್ಬರು ಮುಂದೆ ಬಂದು ತೆಲುಗು ಬೆರೆತ ಕನ್ನಡದಲ್ಲಿ ಕೇಳಿದರು.

"ಏನ್ ಮೇಡಮ್ಮಾ! ಮಂಚಿ ನೀಳ್ಳು, ಒಳ್ಳೇ ನೀರು ಅಂತ ನೀವೇ ಕದಾ ಹೇಳಿದ್ದು? ನನ್ ಮೊಮ್ಮಗೀಗೆ ದಿನಾ ಇದೇ ಕುಡಿಸ್ತಿದೀನಿ."

"ಹೌದು ಕಣಮ್ಮ. ತಪ್ಪು ನಮ್ದು. ಎಂಟು ತಿಂಗ್ಳಿಗೆ ಅಂಥ ತೊಂದ್ರೆ ಆಗಾಕಿಲ್ಲ. ಆದ್ರೆ ಇನ್ನೊಂದು ದಿನಾನೂ ಕುಡಿಸ್ಬ್ಯಾಡಿ."

"ಆವತ್ತು ಅಂಗಂದ್ರಿ, ಇವತ್ತು ಇಂಗಂತೀರಿ. ಈಗ ಹೇಳೋದನ್ನ ಹೆಂಗೆ ನಂಬೋದು?"

ಮೇಡಂ ವಾದಿಸಲಿಲ್ಲ. ಶಾಲೆಯ ಜಗಲಿಯ ಮೇಲೆ ಪರೀಕ್ಷೆಯ ಪೆಟ್ಟಿಗೆ ಬಿಚ್ಚಿದರು. ಎರಡು ಬೋರುಗಳ ನೀರನ್ನೂ ಅಜ್ಜಿಯ ಕೈಯಲ್ಲೇ ತರಿಸಿ, ಕೆಂಪು ದ್ರಾವಣದ ಹನಿಗಳನ್ನೂ ಅವರ ಕೈಯಲ್ಲೇ ಹಾಕಿಸಿದರು. "ಕೆಟ್ಟ ನೀರಾದ್ರೆ ಹಳದಿಗೆ ತಿರುಗ್ತದೆ. ನಾನು ಏನೂ ಹೇಳಲ್ಲ, ನೀವೇ ನೋಡಿ ಹೇಳಿ."

ಅಜ್ಜಿ ಎರಡು ನಳಿಗೆಗಳನ್ನೂ ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ತುಂಬಿದ ಬಿಂದಿಗೆಯನ್ನು ಮಗುಚಿ, ಕೆರೆ ಏರಿಯ ಬೋರಿನ ಕಡೆ ನಡೆದರು. ಒಬ್ಬೊಬ್ಬರಾಗಿ ಉಳಿದವರೂ ಹಿಂದೆ ಹೋದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಳು ತಡೆಯಲಾಗಲಿಲ್ಲ. "ಲೇ, ಅಳೋದು ಆಮೇಲೆ. ಸೋಮವಾರ ಪತ್ರಿಕೆಗೆ ಕಾಗದ ಬರೀಬೇಕು. ಲೇಖನ ವಾಪಸ್ ತಗಳಣ" ಎಂದರು.

ವಿಭಾಗದ ಸಹೋದ್ಯೋಗಿಯೊಬ್ಬರು ಬುದ್ಧಿ ಹೇಳಲು ಬಂದರು. "ಊರಿನವರಿಗೆ ಹೇಳಿ ಆಯ್ತಲ್ಲ ಮೇಡಂ. ಲೇಖನದ ತಪ್ಪು ಯಾರಿಗೆ ಗೊತ್ತಾಗುತ್ತೆ?"

"ಅದನ್ನ ನಂಬ್ಕೊಂಡು ನಾಳೆ ಇನ್ಯಾವುದೋ ಊರೋರು ಆಳಕ್ಕೆ ಬೋರು ಕೊರೆಸ್ತಾರೆ ಕಣ್ರೀ."

ಫಲಕವನ್ನು ಅವರೇ ಹೋಗಿ ಕುಲಸಚಿವರ ಕಚೇರಿಯಲ್ಲಿ ಒಪ್ಪಿಸಿ ಬಂದರು. ಪತ್ರಿಕೆಗೆ ಬರೆದ ಕಾಗದದಲ್ಲಿ 'ನನ್ನ ಪ್ರಯೋಗಾಲಯದ ತಪ್ಪು' ಎಂದಿತ್ತು; ನನ್ನ ಹೆಸರು ಎಲ್ಲಿಯೂ ಇರಲಿಲ್ಲ. ಆ ವರ್ಷ ಅವರಿಗೆ ಬರಬೇಕಿದ್ದ ದೊಡ್ಡ ಸಂಶೋಧನಾ ಯೋಜನೆ ಬೇರೆಯವರ ಪಾಲಾಯಿತು. ಸಂದರ್ಶನದಲ್ಲಿ ನನಗೂ ಕೆಲಸ ಸಿಗಲಿಲ್ಲ. ಎರಡು ವರ್ಷ ಅದೇ ಹಳ್ಳಿಗಳನ್ನು ಮತ್ತೆ ಸುತ್ತಿ, ಒಂದೊಂದು ಬೋರನ್ನೂ ಮತ್ತೆ ಪರೀಕ್ಷಿಸಿ ಹೊಸದಾಗಿ ಬರೆದೆವು. ಆ ಕೆಲಸದಿಂದಲೇ ನನಗೆ ಪದವಿ ಬಂತು, ಈಗಿನ ಅಧ್ಯಾಪಕಿ ಹುದ್ದೆಯೂ ಬಂತು.

ಹೋದ ವರ್ಷ ಅವರಿಗೆ ಕಾಯಿಲೆ ಉಲ್ಬಣಿಸಿದೆ ಎಂದು ತಿಳಿದು ಮಧುಗಿರಿಗೆ ಹೋದೆ. ದಿಂಬಿಗೆ ಒರಗಿ ಕೂತಿದ್ದರು. ಬಹಳ ವರ್ಷದಿಂದ ಕೇಳಬೇಕೆಂದಿದ್ದನ್ನು ಕೇಳಿದೆ.

"ಆವತ್ತು ನೀವು ನನಗೆ ಒಂದು ಮಾತೂ ಬಯ್ಯಲಿಲ್ಲ. ಯಾಕೆ ಮೇಡಂ?"

ಅವರು ಕಿಟಕಿಯ ಕಡೆ ನೋಡಿದರು. "ಬಯ್ಯಾಕೆ ನಂಗೇನಮ್ಮ ಹಕ್ಕಿತ್ತು? ನನ್ ಪಿಎಚ್.ಡಿ. ಪ್ರಬಂಧದಲ್ಲಿ ಒಂದು ಪ್ರಯೋಗದ ಅಂಕಿ ಹೊಂದ್ತಿರ್ಲಿಲ್ಲ. ತೆಗೆದಾಕ್ಬುಟ್ಟೆ. ಯಾರೂ ಕೇಳ್ಲಿಲ್ಲ. ನೀನು ನಾಲ್ಕನೇ ದಿನಕ್ಕೆ ಬಂದು ಹೇಳ್ದೆ. ನಾನು ಇವತ್ತಿನಗಂಟ ಹೇಳಿಲ್ಲ."

"ಈಗ ಅದೆಲ್ಲ ಯಾಕೆ ಮೇಡಂ" ಎಂದೆ.

"ಪೆನ್ನು ತಗೋ" ಎಂದರು.

ತಾವು ಪದವಿ ಪಡೆದ ವಿಶ್ವವಿದ್ಯಾಲಯಕ್ಕೆ ಕಾಗದ ಹೇಳಿ ಬರೆಸಿದರು. ಯಾವ ಅಧ್ಯಾಯ, ಯಾವ ಕೋಷ್ಟಕ, ಬಿಟ್ಟ ಅಂಕಿ ಯಾವುದು, ಎಲ್ಲ ಬಾಯಲ್ಲೇ ಇತ್ತು. ಕೆಳಗೆ ತಾವೇ ಸಹಿ ಹಾಕಿದರು. ಆಮೇಲೆ ಒಂದು ಲೋಟ ಮಜ್ಜಿಗೆ ತರಿಸಿ ಪೂರ್ತಿ ಕುಡಿದರು. ಒಂದು ವಾರದಿಂದ ಅಷ್ಟು ಕುಡಿದದ್ದು ಅದೇ ಮೊದಲು ಎಂದು ಅವರ ತಂಗಿ ಹೇಳಿದರು.

ಅಂಚೆ ಕಚೇರಿಯಲ್ಲಿ ಕಾಗದ ರಿಜಿಸ್ಟರ್ ಮಾಡಿಸಿ ಬಸ್ ನಿಲ್ದಾಣಕ್ಕೆ ಬರುವಷ್ಟರಲ್ಲಿ ಅವರ ಫೋನು ಬಂತು.

"ಹಾಕ್ದಾ?"

"ಹಾಕ್ದೆ ಮೇಡಂ. ರಸೀತಿ ಇಟ್ಕೊಂಡಿದೀನಿ."

"ಸರಿ ಕಣಮ್ಮ. ಇನ್ನು ಹೊರಡು, ಬಸ್ಸು ತಪ್ಪೋಗ್ತದೆ."

ನಾನು ಅವರ ದನಿ ಕೇಳಿದ್ದು ಅದೇ ಕೊನೆ. ಹನ್ನೊಂದು ದಿನಕ್ಕೆ ಅವರು ತೀರಿಕೊಂಡರು.