ಎಲ್ಡನ್ ಅಳತೆ ಬದಲಾಯಿಸಿದ ವರ್ಷ

ನನ್ನ ಗಂಡ ಎಲ್ಡನ್ ಪ್ರೂಯಿಟ್ ಹೋಗಿ ಈ ನವೆಂಬರಿಗೆ ಒಂದು ವರ್ಷ. ಮಣ್ಣು ಮಾಡಿದ ದಿನ ಪಾದ್ರಿಗಳು ಅವನನ್ನು ಸಾಧು ಮನುಷ್ಯ ಎಂದರು. ಸಾಧು ಅಲ್ಲ. ಹಟಮಾರಿ. ತಟ್ಟೆಗೆ ಹುರುಳಿ ಬಡಿಸುವುದರೊಳಗೆ ಎರಡು ಜಗಳ ತೆಗೆಯುತ್ತಿದ್ದ. ಅವನನ್ನು ತಿಳಿಯಬೇಕಾದರೆ ಐವತ್ತೆಂಟನೇ ಇಸವಿಯ ವಸಂತವನ್ನು ತಿಳಿಯಬೇಕು. ಅದನ್ನೇ ಬರೆಯುತ್ತೇನೆ.

ನಮ್ಮ ಆಲ್ಡರ್ ಕ್ರೀಕ್ ಕಣಿವೆಯಲ್ಲಿ ಹದಿನೆಂಟು ಮನೆಗಳ ದನ ಬೇಸಿಗೆಯಲ್ಲಿ ಬೆಟ್ಟ ಹತ್ತುತ್ತವೆ. ಅವನ್ನು ಕಾಯಲು ಮನೆಗಳೆಲ್ಲ ಸೇರಿ ಒಬ್ಬ ಸವಾರನನ್ನು ಇಡುತ್ತವೆ. ಆ ಹೊತ್ತಿಗೆ ಒಂಬತ್ತು ವರ್ಷದಿಂದ ಆ ಸವಾರ ಎಲ್ಡನ್. ಬೆಟ್ಟದ ಮೇಲಿನ ಮರದ ಮನೆ ಆ ಕೆಲಸದ ಜೊತೆಗೆ ಬಂದದ್ದು. ನಮಗೆ ಬೇರೆ ಮನೆ ಇರಲಿಲ್ಲ. ಚಳಿಗಾಲ ಕಳೆಯುವುದು ಅವನ ತಂಗಿಯ ಹಿತ್ತಿಲ ಕೋಣೆಯಲ್ಲಿ. ಆ ತಂಗಿಯ ಬಾಯಿಯ ಬಗ್ಗೆ ಬರೆಯುವುದಿಲ್ಲ, ಅವಳಿನ್ನೂ ಬದುಕಿದ್ದಾಳೆ.

ಆ ವಸಂತದ ಹಿಂದಿನ ಅಕ್ಟೋಬರಿನಲ್ಲಿ ಒಂದು ಹೋರಿಗರುವಿಗೆ ಹಗ್ಗ ಬೀಸಿ, ಹಗ್ಗವನ್ನು ಜೀನಿನ ಮುಂದೆ ಗೂಟದಂತೆ ಎದ್ದಿರುವ ಕೊಂಬಿಗೆ ಸುತ್ತುವಾಗ ಅವನ ಬಲಗೈ ಹೆಬ್ಬೆರಳು ಒಳಗೆ ಸಿಕ್ಕಿತು. ಕರು ಎಳೆಯಿತು. ಬೆರಳು ಹೋಯಿತು. ಹಗ್ಗ ಬೀಸುವವರ ಊರಿನಲ್ಲಿ ಅದು ದೊಡ್ಡ ಸುದ್ದಿಯಲ್ಲ. ಡಾಕ್ಟರ ಮನೆಯಿಂದ ಬರುವಾಗ ಎಲ್ಡನ್ ಹೇಳಿದ, "ಇನ್ಮೇಲೆ ನನ್ನ ಕೈಗವಸು ಹೆಣಿಯೋಕೆ ಉಣ್ಣೆ ಕಮ್ಮಿ ಸಾಕು ನೋಡು." ನಾನು ನಗಲಿಲ್ಲ. ಅವನ ರಿವಾಲ್ವರ್ ನೆನಪಾಗಿತ್ತು.

ನಮ್ಮ ಕಡೆಯ ರಿವಾಲ್ವರಿನಲ್ಲಿ ಒಂದೊಂದು ಗುಂಡಿಗೂ ತೋಟಾವನ್ನು ಬಡಿದು ಸಿಡಿಸುವ ಹ್ಯಾಮರನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಎಳೆಯಬೇಕು. ಆಮೇಲೆ ಟ್ರಿಗರ್. ಹೆಬ್ಬೆರಳಿಲ್ಲದ ಕೈಗೆ ಅದು ಬರೀ ಕಬ್ಬಿಣ. ಸವಾರನಿಗೆ ಅದಿಲ್ಲದೆ ಆಗುವುದೂ ಇಲ್ಲ. ಕಾಲು ಮುರಿದ ಕುದುರೆ ಇರುತ್ತದೆ, ಕರುವಿನ ಹಿಂದೆ ಬಿದ್ದ ಕರಡಿ ಇರುತ್ತದೆ, ಮದವೇರಿದ ಹೋರಿ ಇರುತ್ತದೆ.

ಹದಿನೆಂಟು ಮನೆಗಳ ಸಂಘಕ್ಕೆ ವರ್ನ್ ಗ್ರಿಗ್ಸ್ ಯಜಮಾನ. ಮಾತು ಕಡಿಮೆ, ಮಾತಾಡಿದರೆ ತೀರ್ಪು. ಮಾರ್ಚಿನಲ್ಲಿ ಅವರು ಎಲ್ಡನ್‌ಗೆ ಹೇಳಿ ಕಳಿಸಿದರು: ಏಪ್ರಿಲ್ ಸಭೆಯ ದಿನ ಎಲ್ಲರ ಮುಂದೆ ಹೊಡೆದು ತೋರಿಸಬೇಕು. ಡಾಯ್ಲ್ ಮೇಸ್ ಕೂಡ ಹೊಡೆಯುತ್ತಾನೆ. ಗೆದ್ದವನಿಗೆ ಬೆಟ್ಟ.

ಡಾಯ್ಲ್‌ಗೆ ಇಪ್ಪತ್ನಾಲ್ಕು ವರ್ಷ. ತೊಲೆಯಂಥ ತೋಳು. ಆ ವಾರ ಅಂಗಡಿಯಲ್ಲಿ ಹಿಟ್ಟಿನ ಚೀಲ ಹಿಡಿದು ನಿಂತ ನನ್ನನ್ನು ಕೇಳಿದ, "ಅಕ್ಕಾ, ಆ ಬೆಟ್ಟದ ಮನೆ ಸೂರು ಸೋರುತ್ತಾ?"

"ಸೋರುತ್ತೆ," ಎಂದೆ. "ನೀನು ತಲೆ ಕೆಡಿಸ್ಕೋಬೇಡ. ಒದ್ದೆ ಆಗೋದು ನಾವೇ."

ಹೇಳಿದ್ದು ಹೇಳಿದೆ. ಚೀಲ ಎತ್ತಿಕೊಂಡು ಬಿರಬಿರನೆ ಮನೆಗೆ ನಡೆದೆ.

ಎಲ್ಡನ್ ಎಡಗೈಯಲ್ಲಿ ಹೊಡೆಯಲು ಶುರುಮಾಡಿದ್ದ. ಅವನದು ಅಪ್ಪನ ಕಾಲದ ನಲವತ್ತೈದು. ನಲವತ್ತೈದು ಎಂದರೆ ಗುಂಡಿನ ಅಳತೆ, ದೊಡ್ಡದು, ಹೊಡೆದಾಗ ಕೈಯನ್ನು ಆಕಾಶಕ್ಕೆ ಒದೆಯುತ್ತದೆ. ಸಂಘದ ಸವಾರರೆಲ್ಲ ನಲವತ್ತೈದೇ ಕಟ್ಟಿದವರು. ಅದಕ್ಕಿಂತ ಸಣ್ಣದು ಕಟ್ಟಿದವನನ್ನು ಹೆಗ್ಗಣ ಹೊಡೆಯುವವನು ಎನ್ನುತ್ತಿದ್ದರು. ಎಲ್ಡನ್ ದಿನಕ್ಕೆ ಐವತ್ತು ಹೊಡೆದ. ಗುರಿಗಿಟ್ಟ ಡಬ್ಬಿಗಳಿಗೆ ತಾಗಿದ್ದು ಕಡಿಮೆ. ಗಾಳಿ ಎಂದ, ಬಿಸಿಲು ಎಂದ, ಎಡಗಣ್ಣು ಮಂಜು ಎಂದ.

ಒಂದು ದಿನ ನಾನು ತುಂಬಿಕೊಡುತ್ತೇನೆ ಎಂದೆ. ಐದು ತೋಟಾಗಳಲ್ಲಿ ಎರಡರ ಬದಲು ಹೊಡೆದು ಮುಗಿದ ಖಾಲಿ ಚಿಪ್ಪು ಸೇರಿಸಿದೆ, ಅವನಿಗೆ ಹೇಳಲಿಲ್ಲ. ಮೊದಲನೆಯದು ಸಿಡಿಯಿತು. ಎರಡನೆಯದು ಖಾಲಿ. ಟಕ್ ಎಂದಿತು ಅಷ್ಟೇ, ಆದರೆ ಅವನ ಕೈ ತಾನಾಗಿ ಕೆಳಗೆ ಕುಸಿದು ರಿವಾಲ್ವರಿನ ಕೊಳವೆ ನೆಲ ನೋಡಿತು. ಸಿಡಿಯದ ಗುಂಡಿಗೆ ಬೆಚ್ಚಿದ್ದ.

"ಗಾಳಿ ಅಲ್ಲ ಎಲ್ಡನ್," ಎಂದೆ. "ಅದು ಒದೆಯುತ್ತೆ ಅಂತ ನಿನಗೆ ಭಯ."

ಅವನು ನನ್ನನ್ನು ಎರಡು ದಿನ ಮಾತಾಡಿಸಲಿಲ್ಲ. ಮೂರನೇ ದಿನ ಕಾಫಿ ಕುಡಿದು ಎದ್ದು, ಪೇಟೆಗೆ ಹೋಗೋಣ ಬಾ ಎಂದ.

ಬಂದೂಕಿನ ಅಂಗಡಿಯ ಹಿಂದೆ ಹೊಡೆದು ನೋಡಲು ಜಾಗವಿತ್ತು. ನಾನು ತುಂಬಿದೆ, ಅವನು ಹೊಡೆದ. ಪ್ರತಿ ಸಲವೂ ಖಾಲಿ ಚಿಪ್ಪು ಎಲ್ಲೋ ಒಂದು ಕಡೆ ಇರುತ್ತಿತ್ತು. ನಲವತ್ನಾಲ್ಕು ಹಿಡಿದ. ಕೊಳವೆ ಕುಸಿಯಿತು, ಸ್ವಲ್ಪ ಕಡಿಮೆ. ಮೂವತ್ತೆರಡು ಹಿಡಿದ. ಕುಸಿಯಲಿಲ್ಲ, ಆದರೆ ಅದರ ಗುಂಡು ನೋಡಿ ಅವನೇ ತಲೆ ಆಡಿಸಿದ, ಇದರಲ್ಲಿ ಹೋರಿಯನ್ನು ಕೆಣಕಬಹುದು ಅಷ್ಟೆ ಎಂದ. ಆಮೇಲೆ ಅಂಗಡಿಯವನು ಹೊಸದಾಗಿ ಬಂದ ಒಂದನ್ನು ತಂದ. ಮುನ್ನೂರ ಐವತ್ತೇಳು. ಅದರ ಅಳತೆಯ ಲೆಕ್ಕ ಬೇರೆ, ಅಂಕಿ ದೊಡ್ಡದಾದರೂ ಗುಂಡು ನಲವತ್ತೈದಕ್ಕಿಂತ ಸಣ್ಣದು. ಅದರ ಗುಣವೇನೆಂದರೆ, ಅದರಲ್ಲಿ ಎರಡು ಬಗೆಯ ತೋಟಾ ಹೋಗುತ್ತವೆ. ಮೂವತ್ತೆಂಟು ಎಂಬ ಸಾಧುವಾದದ್ದು, ಕೈ ಪಳಗಿಸಲು. ತನ್ನದೇ ಆದ ಜೋರಿನದು, ಕೆಲಸಕ್ಕೆ. ರಿವಾಲ್ವರಿನ ಮೈ ಅಪ್ಪನದರಷ್ಟೇ ದಪ್ಪ, ಆದರೆ ತೂತು ಸಣ್ಣದು, ಹಾಗಾಗಿ ಕಬ್ಬಿಣ ಹೆಚ್ಚು. ತೂಕ ಹೆಚ್ಚಾದರೆ ಒದೆತ ಕಡಿಮೆ.

ಮೂವತ್ತೆಂಟು ಹಾಕಿ ಹೊಡೆದ. ಖಾಲಿ ಬಂದಾಗ ಕೊಳವೆ ಅಲ್ಲಾಡಲಿಲ್ಲ.

ಅಪ್ಪನ ನಲವತ್ತೈದನ್ನು ಅಲ್ಲೇ ಕೊಟ್ಟು ಅದನ್ನು ತಂದ. ದಾರಿಯಲ್ಲಿ ಅವನ ಕಣ್ಣು ಕೆಂಪಾಗಿತ್ತು. ನಾನು ರಸ್ತೆ ನೋಡಿದೆ.

ಐದು ವಾರ ಸಾಧು ತೋಟಾದಲ್ಲಿ ಕೈ ಪಳಗಿಸಿದ. ಕೊನೆಯ ವಾರ ದಿನಕ್ಕೆ ಐದೈದು ಜೋರಿನವು. ಎಡಗೈ ಅದಕ್ಕೂ ಒಗ್ಗಿತು. ಇನ್ನೊಂದು ಸಂಗತಿಯೂ ಗೊತ್ತಾಯಿತು. ಈ ರಿವಾಲ್ವರುಗಳಿಗೆ ತೋಟಾ ತುಂಬುವ ಕಿಂಡಿ ಬಲಗಡೆ ಇರುತ್ತದೆ. ಬಲಗೈಯವರು ತುಂಬಬೇಕಾದರೆ ರಿವಾಲ್ವರನ್ನು ಎಡಗೈಗೆ ಬದಲಾಯಿಸಬೇಕು. ಎಡಗೈಯವನಿಗೆ ಅದು ಬೇಕಿಲ್ಲ, ಬಲಗೈ ಬಿಡುವಾಗಿಯೇ ಇರುತ್ತದೆ. ಎಲ್ಡನ್‌ನ ಬಲಗೈಗೆ ತೋಟಾ ತಳ್ಳಲು ನಾಲ್ಕು ಬೆರಳು ಸಾಕಾಗಿತ್ತು.

ಏಪ್ರಿಲ್ ಹತ್ತೊಂಬತ್ತು. ಗ್ರಿಗ್ಸ್ ಅವರ ದನದ ಅಂಗಳ, ಬೆಳಗಿನ ಹತ್ತು ಗಂಟೆ. ಹದಿನೆಂಟು ಮನೆಯವರೂ ಬಂದಿದ್ದರು. ಹೆಂಗಸರು ಬಿಸ್ಕಿಟು, ಹಂದಿಮಾಂಸ ತಂದಿದ್ದರು. ಬೇಲಿಯ ಮೇಲೆ ಹತ್ತು ಹಾಲಿನ ಡಬ್ಬಿ. ಐದು ಹೊಡೆಯಬೇಕು, ಮತ್ತೆ ತುಂಬಬೇಕು, ಮತ್ತೆ ಐದು. ಗ್ರಿಗ್ಸ್ ಕೈಯಲ್ಲಿ ಗಡಿಯಾರ.

ಎಲ್ಡನ್ ಸೊಂಟ ನೋಡಿ ಡಾಯ್ಲ್ ಕೇಳಿದ, "ಏನಣ್ಣಾ, ಅಪ್ಪಂದು ಮಾರಿ ಹೆಗ್ಗಣ ಹೊಡಿಯೋದು ತಂದ್ಯಂತೆ?"

"ಹೌದಪ್ಪ," ಎಂದ ಎಲ್ಡನ್. "ಇಲ್ಲಿ ಒಂದು ದೊಡ್ಡದು ಓಡಾಡ್ತಿದೆ ಅಂತ ಕೇಳಿದೆ."

ಜನ ನಕ್ಕರು. ಗ್ರಿಗ್ಸ್ ನಗಲಿಲ್ಲ.

ಮೊದಲು ಡಾಯ್ಲ್. ಚೆನ್ನಾಗಿಯೇ ಹೊಡೆದ. ಸುಳ್ಳು ಬರೆಯುವುದಿಲ್ಲ. ಐದಕ್ಕೆ ಐದು ಬಿದ್ದವು. ತುಂಬಲು ಕೈ ಬದಲಾಯಿಸಿದ, ಒಂದು ತೋಟಾ ಹುಲ್ಲಿಗೆ ಬಿತ್ತು, ಬಗ್ಗಿ ಹೆಕ್ಕಿದ, ಮತ್ತೆ ಕೈ ಬದಲಾಯಿಸಿದ. ಆಮೇಲಿನ ಐದರಲ್ಲಿ ಒಂದು ತಪ್ಪಿತು. ಒಂದು ನಿಮಿಷ ನಾಲ್ಕು ಸೆಕೆಂಡು.

ಎಲ್ಡನ್ ನಿಂತ. ಐದು ಡಬ್ಬಿ ಸಾಲಾಗಿ ಹೋದವು. ತುಂಬಿದ. ಎತ್ತಿದ. ಟಕ್ ಎಂದಿತು.

ಖಾಲಿ ಗೂಡು. ಏನಾಯಿತೆಂದು ಅಲ್ಲಿದ್ದವರೆಲ್ಲರಿಗೂ ಗೊತ್ತಾಯಿತು. ರಿವಾಲ್ವರಿನಲ್ಲಿ ತೋಟಾ ಕೂರುವ ಆರು ಗೂಡು ಇದ್ದರೂ ಸವಾರರು ಐದೇ ತುಂಬುತ್ತಾರೆ. ಒಂದು ತುಂಬಿ, ಒಂದು ಬಿಟ್ಟು, ನಾಲ್ಕು ತುಂಬುತ್ತಾರೆ. ಬಿಟ್ಟ ಗೂಡಿನ ಮೇಲೆ ಹ್ಯಾಮರ್ ಇಳಿಸಿ ಸೊಂಟಕ್ಕೆ ಕಟ್ಟುತ್ತಾರೆ, ಏನಾದರೂ ತಾಗಿದರೆ ಸಿಡಿಯಬಾರದೆಂದು. ಪಂದ್ಯದಲ್ಲಿ ಅದು ಬೇಕಿಲ್ಲ, ತುಂಬಿದ್ದನ್ನು ಆಗಲೇ ಹೊಡೆಯುವುದು ತಾನೆ. ಸಾಲಾಗಿ ಐದು ತುಂಬಿದರೆ ಸಾಕು. ಎಲ್ಡನ್‌ನ ಕೈ ಅಭ್ಯಾಸಬಲದಿಂದ ಒಂದು ಬಿಟ್ಟಿತ್ತು. ಡಾಯ್ಲ್ ಕೇಕೆ ಹಾಕಿದ. ನಾನು ನೋಡಿದ್ದು ಡಬ್ಬಿಗಳನ್ನಲ್ಲ, ಕೊಳವೆಯನ್ನು. ಅದು ಕುಸಿಯಲಿಲ್ಲ. ಎಲ್ಲಿತ್ತೋ ಅಲ್ಲೇ ನಿಂತಿತ್ತು. ಎಲ್ಡನ್ ಮತ್ತೆ ಹ್ಯಾಮರ್ ಎಳೆದ, ಐದೂ ಹೊಡೆದ. ಬೇಲಿ ಖಾಲಿ.

ಗ್ರಿಗ್ಸ್ ಗಡಿಯಾರ ನೋಡಿದರು. ಐವತ್ತೊಂದು ಸೆಕೆಂಡು.

"ಡಬ್ಬಿ ಬಿತ್ತು," ಎಂದ ಡಾಯ್ಲ್. "ಹೋರಿ ಬೀಳುತ್ತಾ? ಕೇಳಿ ಯಜಮಾನ್ರೇ. ಸಂಘದ್ದು ನಲವತ್ತೈದು."

ಗ್ರಿಗ್ಸ್ ಎಲ್ಡನ್ ಕಡೆ ತಿರುಗಿದರು. ಉತ್ತರ ಇದೆಯಾ ಎಂಬಂತೆ.

ಎಲ್ಡನ್ ಬೇಲಿಯ ಹಳೆಯ ಪೈನ್ ಕಂಬ ತೋರಿಸಿದ, ಮನುಷ್ಯನ ತೊಡೆಯಷ್ಟು ದಪ್ಪದ್ದು. ನೀನೇ ಹೊಡಿ ಎಂದ. ಡಾಯ್ಲ್ ತನ್ನ ನಲವತ್ತೈದರಿಂದ ಹೊಡೆದ. ಗುಂಡು ಒಳಗೆ ಹೋಯಿತು, ಕಂಬದ ಆಚೆ ಬರಲಿಲ್ಲ. ಎಲ್ಡನ್ ಸಾಧು ತೋಟಾದ ಖಾಲಿ ಚಿಪ್ಪು ತೆಗೆದು ಜೋರಿನವು ತುಂಬಿದ. ಎಲ್ಲರೂ ನೋಡುವಂತೆ ಒಂದು, ಬಿಟ್ಟು, ನಾಲ್ಕು. ಹೊಡೆದ. ಆ ಸದ್ದಿಗೆ ಕುದುರೆಗಳು ಹಗ್ಗ ಜಗ್ಗಿದವು. ಕಂಬದ ಹಿಂದೆ ಮಣ್ಣು ಹಾರಿತು. ಎಲ್ಡನ್‌ನ ಕೈ ಎದ್ದು ಮತ್ತೆ ಅದೇ ಜಾಗಕ್ಕೆ ಬಂದು ನಿಂತಿತು.

ಗ್ರಿಗ್ಸ್ ನಡೆದು ಹೋಗಿ ಕಂಬದ ಹಿಂದಿನ ತೂತಿಗೆ ಕಿರುಬೆರಳು ಹಾಕಿದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಹಾಕಿದರು. ಕೊನೆಗೆ ಡಾಯ್ಲ್ ಕೂಡ.

"ನನ್ನ ತಮ್ಮ ಆರು ತುಂಬ್ಕೊಂಡು ಜೀನು ಹಾಕ್ತಿದ್ದ," ಎಂದರು ಗ್ರಿಗ್ಸ್. ಆ ತಮ್ಮನ ವಿಷಯ ಅವರ ಬಾಯಿಂದ ಯಾರೂ ಕೇಳಿರಲಿಲ್ಲ. "ಜೀನಿನ ಕೊಂಬಿಗೆ ಸಿಕ್ಕಿಸಿದ್ದ ಕಾಲಿಡೋ ರಿಕಾಪು ಜಾರಿ ಸೊಂಟದ ರಿವಾಲ್ವರ್ ಹ್ಯಾಮರ್ ಮೇಲೆ ಬಿತ್ತು. ಗುಂಡು ಸಿಡಿದು ತೊಡೆ ಒಡೀತು. ಡಾಕ್ಟರು ಬರೋದ್ರೊಳಗೆ ಹೋದ." ಗಡಿಯಾರ ಜೇಬಿಗೆ ಹಾಕಿದರು. "ಇವನು ಪಂದ್ಯದ ಅವಸರದಲ್ಲೂ ಒಂದು ಬಿಟ್ಟ. ನನ್ನ ದನ ಇವನ ಜೊತೆ ಹೋಗ್ತವೆ. ಉಳಿದವ್ರು ಹೇಳಿ."

ಹದಿನೇಳು ಕೈ ಎದ್ದವು. ಕೊನೆಯದು ಡಾಯ್ಲ್‌ನ ಅಪ್ಪನದು, ಆದರೂ ಎದ್ದಿತು.

"ಸೋಮವಾರ ದನ ನೆಕ್ಕೋ ಉಪ್ಪಿನ ಚೀಲ ಮೇಲೆ ಹೋಗ್ಬೇಕು ಎಲ್ಡನ್," ಎಂದರು ಗ್ರಿಗ್ಸ್. "ಅಳತೆ ಯಾವ್ದಾದ್ರೂ ಇಟ್ಕೋ."

ಎಲ್ಡನ್ ಟೋಪಿ ತೆಗೆದು ಹಾಕಿಕೊಂಡ. ನನ್ನ ಹತ್ತಿರ ಬಂದು, ಹಸಿವಾಗ್ತಿದೆ, ಆ ಹಂದಿಮಾಂಸ ಎಲ್ಲಿ ಎಂದು ಕೇಳಿದ. ನಾನು ಅಳುತ್ತಿದ್ದೆ, ಬಡಿಸುತ್ತಲೂ ಇದ್ದೆ. ಮರುವರ್ಷ ಮೂವರು ತಮ್ಮ ನಲವತ್ತೈದು ಮಾರಿ ಮುನ್ನೂರ ಐವತ್ತೇಳು ತಂದರು. ಅವರಲ್ಲಿ ಡಾಯ್ಲ್ ಒಬ್ಬ.

ಸೋಮವಾರ ಆರು ಕುದುರೆಗಳ ಮೇಲೆ ಉಪ್ಪು ಹೇರಿಕೊಂಡು ಇಬ್ಬರೂ ಹೊರಟೆವು. ಮೇಲೆ ಇನ್ನೂ ಹಿಮವಿತ್ತು. ಮನೆಯ ಬಾಗಿಲು ಊದಿಕೊಂಡು ಸಿಕ್ಕಿಬಿದ್ದಿತ್ತು. ಎಲ್ಡನ್ ಭುಜ ಕೊಟ್ಟು ತಳ್ಳಿದ. ನಾನೂ ಕೊಟ್ಟೆ. ತೆರೆಯಿತು. ಅಲ್ಲಿ ಇನ್ನೂ ಇಪ್ಪತ್ತಾರು ಬೇಸಿಗೆ ಇದ್ದೆವು.