ಅಂಗಡಿ ಬಾಗಿಲಿಗೊಂದು ಇಂಗ್ಲಿಷ್ ಪದ

ಜಹೀರಾಬಾದಿನ ಬಜಾರಿನಲ್ಲಿ ಅವ್ವನದು ಬಳೆ ಅಂಗಡಿ. ಹೋದ ವರ್ಷದಿಂದ ಆಕೆಯ ಬೆರಳುಗಳು ನಡುಗತೊಡಗಿದ್ದವು. ಡಾಕ್ಟರು ಇನ್ನು ಸಾಕು ಎಂದರು, ನಾನೂ ಎಂದೆ. ಕಡೆಗೆ ಅವ್ವ ಒಪ್ಪಿದಳು. ಆದರೆ ಷಟರಿನ ಮೇಲೆ ಅಂಟಿಸುವ ಚೀಟಿಯ ವಿಷಯಕ್ಕೆ ಬಂದಾಗ ಹಟ ಹಿಡಿದು ಕೂತಳು.

ನಮ್ಮ ಕಡೆ ಅಂಗಡಿ ಮುಚ್ಚಿತು ಎಂದು ಬಾಯಿಬಿಟ್ಟು ಹೇಳುವವರಿಲ್ಲ, ಅದು ಅಪಶಕುನ. ದೀಪವನ್ನೂ ಆರಿಸುವುದಿಲ್ಲ, ಶಾಂತ ಮಾಡುತ್ತೇವೆ. ಪಕ್ಕದ ಅತ್ತರಿನ ಅಂಗಡಿಯ ಚಾಚಾ ಸಂಜೆ ಬಾಗಿಲೆಳೆಯುವಾಗ ಮುಚ್ಚಿದೆ ಎನ್ನದೆ ಉರ್ದುವಿನಲ್ಲಿ ಅಂಗಡಿ ಬೆಳೆಸಿದೆ ಎನ್ನುತ್ತಾರೆ.

‘ಇಂಗ್ಲಿಷಿನಾಗ ಬರಿ,’ ಎಂದಳು ಅವ್ವ. ‘ಅದಕ್ಕ ಶಕುನ ಗಿಕುನ ಏನಿಲ್ಲ. ಏನಂದ್ರೂ ನಡೀತದ.’

ನಾನು ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ಹೆಚ್ಚುಕಡಿಮೆ ಒಂದೇ ಅರ್ಥದ ಪದಗಳ ವ್ಯತ್ಯಾಸವನ್ನು ಮಕ್ಕಳ ತಲೆಗೆ ತುಂಬುವುದೇ ನನ್ನ ಹೊಟ್ಟೆಪಾಡು. ‘ಕ್ಲೋಸ್ಡ್’ ಎಂದು ಬರೆಯಲು ಪೆನ್ನು ತೆಗೆದೆ.

‘ಹಂಗಂದ್ರ?’

‘ಮುಚ್ಚೇದ ಅಂತ.’

‘ಬ್ಯಾಡ. ಬ್ಯಾರೆ ಹೇಳು.’

‘ಶಟ್’ ಎಂದೆ. ಅದು ಬೈಗುಳವೆಂದು ಆಕೆಗೂ ಗೊತ್ತಿತ್ತು. ಮೊಮ್ಮಕ್ಕಳು ಜಗಳವಾಡುವುದು ಆ ಪದದಲ್ಲೇ. ‘ಫಿನಿಶ್ಡ್’ ಎಂದರೆ ಯಾರದು ಮುಗಿಯಿತು ಎಂದು ಊರೆಲ್ಲ ಕೇಳೀತು ಎಂದಳು. ‘ಸ್ಟಾಪ್ಡ್’ ಎನ್ನಲು ಇದೇನು ಕೆಟ್ಟು ನಿಂತ ಆಟೋನಾ? ‘ರಿಟೈರ್ಡ್’ ಎಂದಾಗ ಮಾತ್ರ ಮುಖ ಅರಳಿತು.

‘ಹಂಗಾದ್ರ ನಂಗ ಹಾರ ಹಾಕಿ ಫೋಟೋ ತಗೀತೀರೇನು?’

ಕಡೆಗೆ ಅದೂ ಬೇಡವೆಂದಳು. ನನಗೆ ನಗು, ಸಿಟ್ಟು ಎರಡೂ ಬಂದವು. ನಿನಗೆ ಅಂಗಡಿ ಬಿಡಲು ಮನಸ್ಸಿಲ್ಲ, ಅದಕ್ಕೇ ಪದಗಳ ಮೇಲೆ ತಕರಾರು ಎಂದು ಹೇಳಿಯೇಬಿಟ್ಟೆ. ಆಕೆ ಸೆರಗಿನಿಂದ ಬಳೆ ಡಬ್ಬಿಗಳ ಧೂಳು ಒರೆಸತೊಡಗಿದಳು.

ಅಷ್ಟರಲ್ಲಿ ನ್ಯಾಲ್ಕಲ್ ಕಡೆಯ ಹುಡುಗಿಯೊಬ್ಬಳು ಆಟೋ ಇಳಿದು ಬಂದಳು. ತುಂಬು ಬಸುರಿ. ಮರುದಿನ ಕುಬಸದ ಶಾಸ್ತ್ರ, ಹಸಿರು ಬಳೆ ಬೇಕು. ‘ಮದಿವಿಗಿ ನೀವೇ ಇಟ್ಟಿದ್ರಿ, ಆಯಿ. ಈಗೂ ನಿಮ್ಮ ಕೈಲೇ ಇಡ್ರಿ,’ ಎಂದು ಕೈ ಚಾಚಿದಳು.

ಬೇಡವೆಂದು ಕಣ್ಸನ್ನೆ ಮಾಡಿದೆ. ಅವ್ವ ನೋಡಿಯೂ ನೋಡದಂತೆ ಆ ಕೈಯನ್ನು ಮೆತ್ತಗೆ ಅದುಮಿ ಬಳೆ ಏರಿಸಿದಳು. ಎಡಗೈ ಸಲೀಸಾಯಿತು. ಬಲಗೈಗೆ ಬಂದಾಗ ಆಕೆಯ ಬೆರಳು ನಡುಗಿ ಬಳೆಯೊಂದು ಚಟ್ಟೆಂದಿತು. ಹುಡುಗಿಯ ಮಣಿಕಟ್ಟಿನ ಮೇಲೆ ತೆಳ್ಳಗೆ ರಕ್ತ ಮೂಡಿತು.

‘ಹೆಚ್ಚಾತು ಬಿಡ್ರಿ, ಆಯಿ,’ ಎಂದಳು ಹುಡುಗಿ.

ಬಳೆ ಒಡೆಯಿತು ಎನ್ನಬಾರದು, ಹೆಚ್ಚಾಯಿತು ಎನ್ನಬೇಕು. ಎಷ್ಟೋ ಗಿರಾಕಿಗಳಿಗೆ ಅವ್ವನೇ ಹಾಗೆಂದು ಸಮಾಧಾನ ಮಾಡಿದ್ದಳು. ಈಗ ಈ ಹುಡುಗಿ ಆಕೆಗೇ ಸಮಾಧಾನ ಹೇಳುತ್ತಿದ್ದಳು. ಉಳಿದ ಬಳೆಗಳನ್ನು ನಾನು ತೊಡಿಸಿದೆ. ಹೊರಡುವಾಗ ಹುಡುಗಿ ಅವ್ವನ ಕಾಲಿಗೆ ಬಗ್ಗಲು ಹೋದಳು. ಅವ್ವ ತಡೆದು, ಗೀರಿದ ಆ ಕೈಯನ್ನು ತನ್ನ ಕಣ್ಣಿಗೊತ್ತಿಕೊಂಡಳು.

ಆಟೋ ಮರೆಯಾದ ಮೇಲೆ ಅವ್ವ ಮೆಲ್ಲಗೆ ಅಂದಳು, ‘ಒಡೀತು. ನನ್ನ ಕೈಯಾಗ ಒಡೀತು.’

ಆ ಮಾತು ಆಕೆಯ ಬಾಯಲ್ಲಿ ನಾನು ಎಂದೂ ಕೇಳಿರಲಿಲ್ಲ.

‘ಕನ್ನಡದಾಗೇ ಬರಿ, ಮುಚ್ಚೇದ ಅಂತ.’

ಬರೆದೆ. ಕಣ್ಣು ಮಂಜಾಗಿ ಅಕ್ಷರಗಳು ಸೊಟ್ಟಗಾದವು. ಚೀಟಿಯನ್ನು ಅವ್ವ ನನಗೆ ಅಂಟಿಸಲು ಬಿಡಲಿಲ್ಲ. ತಾನೇ ಷಟರೆಳೆದು ಅಂಟಿಸಿ, ನಡುಗುವ ಅಂಗೈಯನ್ನು ಅದರ ಮೇಲಿಟ್ಟು ಬಹಳ ಹೊತ್ತು ಒತ್ತಿ ಹಿಡಿದಳು.