ಮುಚ್ಚಳ ಮೊದಲು

ಅಬುಧಾಬಿಯ ಆ ಹೋಟೆಲಿನ ದೊಡ್ಡ ಅಡುಗೆಮನೆಯಲ್ಲಿ, ತರಕಾರಿಯ ಕೋಲ್ಡ್ ರೂಮಿನ ಬಾಗಿಲಿಗೆ ಬೆನ್ನು ಕೊಟ್ಟು ನಾನು ನಿಂತಿದ್ದೆ. ಶುಕ್ರವಾರ, ಬೆಳಗಿನ ಹನ್ನೊಂದು ದಾಟಿತ್ತು. ಇಲ್ಲಿ ಶುಕ್ರವಾರವೇ ವಾರದ ರಜೆಯಾಗಿದ್ದ ಕಾಲ ಅದು. ನನ್ನ ಎಡಕ್ಕೆ ದೋಸೆಯ ಕಾವಲಿ, ಅದರ ಪಕ್ಕ ಎಣ್ಣೆಯ ಬಾಣಲೆ. ಬಲಕ್ಕೆ ಲಾರಿಯಿಂದ ಸಾಮಾನು ಇಳಿಸಿಕೊಳ್ಳುವ ಹಿಂಬಾಗಿಲು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆಮೇಲೆ ಈ ಕಥೆಯನ್ನು ಬೇರೆಯವರು ನನಗೇ ಹೇಳಿದಾಗ ಅದರಲ್ಲಿ ಬೆಂಕಿ ಸೂರು ಮುಟ್ಟಿತ್ತು. ಹಾಗೇನೂ ಆಗಿರಲಿಲ್ಲ. ನಿಂತಲ್ಲಿಂದ ನನಗೆ ಕಂಡದ್ದಷ್ಟೇ ನಿಮಗೆ ಹೇಳುತ್ತೇನೆ.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಇವತ್ತು ಬೆಳಿಗ್ಗೆ ದುಬೈನ ಡಿಸ್ಕವರಿ ಗಾರ್ಡನ್ಸಿನ ನಮ್ಮ ಮನೆಯಲ್ಲಿ ಸ್ಟೀಲಿನ ಮುಚ್ಚಳವೊಂದು ನೆಲಕ್ಕೆ ಬಿದ್ದು, ಗಿರಗಿರನೆ ಸುತ್ತಿ, ನಿಂತಿತು. ಹಲ್ಲುಜ್ಜುತ್ತಿದ್ದವನು ಬಾಯಿತುಂಬ ನೊರೆಯೊಡನೆ ಅಡುಗೆಮನೆಗೆ ಓಡಿದೆ.

"ಡ್ಯಾಡಿ, ಇಟ್ಸ್ ಜಸ್ಟ್ ಅ ಲಿಡ್," ಎಂದಳು ಮಗಳು, ಫೋನಿನಿಂದ ಕಣ್ಣೆತ್ತದೆ.

ಹೆಂಡತಿ ಮುಚ್ಚಳ ಎತ್ತಿ ತೊಳೆದು ಒಲೆಯ ಪಕ್ಕದ ಅದರ ಜಾಗದಲ್ಲಿ ಇಟ್ಟಳು. ಮೈಸೂರಿನಿಂದ ಹೊತ್ತು ತಂದ ನಮ್ಮ ಪಾತ್ರೆಗಳಲ್ಲಿ ಒಂದಕ್ಕೂ ಅದರದೇ ಮುಚ್ಚಳವಿಲ್ಲ. ಎಲ್ಲವೂ ಯಾರದೋ ಟೋಪಿ ಹಾಕಿಕೊಂಡವರಂತೆ ಕಾಣುತ್ತವೆ. ಆದರೂ ಕೈಗೆಟುಕುವಲ್ಲಿ ಮುಚ್ಚಳವಿಲ್ಲದೆ ನಮ್ಮಲ್ಲಿ ಒಲೆ ಹಚ್ಚುವುದಿಲ್ಲ. ಈ ಪದ್ಧತಿ ನಮ್ಮ ಹಿರಿಯರಿಂದ ಬಂದದ್ದಲ್ಲ. ಫ್ರಾನ್ಸಿನ ಬೆಟ್ಟದೂರೊಂದರ ಅಜ್ಜನಿಂದ ಬಂದದ್ದು. ತಲುಪಿಸಿದವರು ಅವರ ಮೊಮ್ಮಗ, ನಮ್ಮ ಶೆಫ್ ಎತಿಯೆನ್.

ನಾನು ಆ ಹೋಟೆಲಿನ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಅಕ್ಕಿಯಿಂದ ಕೇಸರಿಯವರೆಗೆ ಎಲ್ಲದರ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಚಹಾ ಕಾಸಲೂ ಬಾರದವನಿಗೆ ಅಡುಗೆಮನೆಯಲ್ಲಿ ಅಷ್ಟು ಠೀವಿ ಇರಬಾರದಿತ್ತು, ಆದರೆ ಇತ್ತು. ಫ್ರೆಂಚ್ ಶೆಫ್‌ಗಳು ಸಿಟ್ಟು ಬಂದರೆ ಪಾತ್ರೆ ಎಸೆಯುತ್ತಾರೆಂದು ನಾನು ಕೇಳಿದ್ದೆ. ಇವರು ಎತ್ತರದ, ತುಸು ಬಾಗಿದ, ಮೆಲುಮಾತಿನ ಮನುಷ್ಯ. ಬೈಯುತ್ತಿದ್ದದ್ದು ಒಂದೇ ಕಾರಣಕ್ಕೆ: ಒಲೆಯ ಮೇಲೆ ಬಾಣಲೆಯಿದ್ದು ಪಕ್ಕದಲ್ಲಿ ಅದರ ಮುಚ್ಚಳ ಇಲ್ಲದಿದ್ದರೆ. "ಪೆಹಲೆ ಢಕ್ಕನ್, ಫಿರ್ ಆಗ್" ಎನ್ನುತ್ತಿದ್ದರು, ಗಲ್ಫಿಗೆ ಬಂದ ಮೇಲೆ ಕಲಿತ ಹಿಂದಿಯಲ್ಲಿ. ಮುಚ್ಚಳ ಮೊದಲು, ಬೆಂಕಿ ಆಮೇಲೆ.

ಅವರ ಪುಟ್ಟ ಆಫೀಸಿನ ಗೋಡೆಯಲ್ಲಿ ಪ್ರಶಸ್ತಿಗಳಿರಲಿಲ್ಲ. ಮೊಳೆಗೆ ಒಂದು ತಾಮ್ರದ ಮುಚ್ಚಳ ತೂಗುತ್ತಿತ್ತು. ಅಂಚು ಸಮವಿಲ್ಲ, ಸುತ್ತಿಗೆಯ ಏಟುಗಳು ಅಡ್ಡಾದಿಡ್ಡಿ. "ಏರ್‌ಪೋರ್ಟಿನಲ್ಲಿ ಇದರ ಪಾತ್ರೆ ಎಲ್ಲಿ ಅಂತ ಕೇಳಿದರು," ಎಂದು ಶೆಫ್ ಒಮ್ಮೆ ನಕ್ಕಿದ್ದರು. "ಪಾತ್ರೆ ಎಲ್ಲ ದೇಶದಲ್ಲೂ ಸಿಗುತ್ತದೆ ಅಂದೆ." ಅವರ ಮನೆತನದ ಬಗ್ಗೆ ಆಗ ನನಗೆ ಗೊತ್ತಿದ್ದದ್ದು ಚೂರುಪಾರು. ರೈಲ್ವೆ ಸ್ಟೇಷನ್ನಿನ ಎದುರು ಅವರದೊಂದು ಸಣ್ಣ ವಸತಿಗೃಹವಿತ್ತು. ಇಟಲಿಯಿಂದ ಬೆಟ್ಟ ದಾಟಿ ಅಲ್ಲಿಗೆ ಪಾತ್ರೆ ತೊಳೆಯಲು ಬಂದ ಅಜ್ಜಿ, ಅಲ್ಲಿ ಅಡುಗೆ ಮಾಡುತ್ತಿದ್ದ ಅಜ್ಜನನ್ನೇ ಮದುವೆಯಾದರು. ಅಪ್ಪ ಹಡಗುಗಳಲ್ಲಿ ಅಡುಗೆ ಮಾಡುತ್ತ ತಿಂಗಳುಗಟ್ಟಲೆ ಮನೆಯ ಮುಖ ನೋಡುತ್ತಿರಲಿಲ್ಲ. "ನಮ್ಮಲ್ಲಿ ಹುಟ್ಟಿದೂರಿನಲ್ಲೇ ಅಡುಗೆ ಮಾಡಿದವನು ಅಜ್ಜ ಒಬ್ಬನೇ. ಅವನೂ ನಡುವೆ ಬಿಟ್ಟ," ಎಂದಿದ್ದರು. ಯಾಕೆ ಬಿಟ್ಟರೆಂದು ನಾನು ಕೇಳಲಿಲ್ಲ. ಪರದೇಶದಲ್ಲಿ ಒಟ್ಟಿಗೆ ಕೆಲಸ ಮಾಡುವವರು ಒಬ್ಬರನ್ನೊಬ್ಬರು ಇಂಥದನ್ನೆಲ್ಲ ಕೇಳುವುದು ಕಡಿಮೆ.

ಶುಕ್ರವಾರದ ಬ್ರಂಚಿಗೆ ನಮ್ಮ ಕಡೆಯ ತಿಂಡಿ ಮಾಡಲು ಉಡುಪಿ ಕಡೆಯ ಸದಾನಂದಣ್ಣ ಬಂದರು. ಬಂದ ದಿನವೇ ಜಗಳ. ಸದಾನಂದಣ್ಣ ಗೋಳಿಬಜೆ ಕರಿಯುವ ಬಾಣಲೆಗೆ ಶೆಫ್ ಮುಚ್ಚಳ ಕೇಳಿದರು.

"ಎಣ್ಣೆ ಬಾಣಲೆಗೆ ಯಾರಾದ್ರೂ ಮುಚ್ಚಳ ಹಾಕ್ತಾರಾ ಮಾರಾಯ್ರೇ?" ಎಂದು ಸದಾನಂದಣ್ಣ ನನ್ನ ಮುಂದೆ ಗೊಣಗಿದರು. "ಬಜೆ ಬೆವರ್ತದೆ. ಗೋಳಿಬಜೆ ಅಂದ್ರೆ ಎಂತ ಅಂತ ಇವರಿಗೆ ಗೊತ್ತುಂಟಾ?"

ನಾನು ಭಾಷಾಂತರಿಸಿದೆ, ಸ್ವಲ್ಪ ಮೃದು ಮಾಡಿ. ಶೆಫ್ ಕದಲಲಿಲ್ಲ. "ಹಾಕಬೇಡ. ಪಕ್ಕದಲ್ಲಿಟ್ಟುಕೊ." ಅಷ್ಟಗಲದ ಮುಚ್ಚಳ ಎಲ್ಲೂ ಸಿಗದೆ, ಕೊನೆಗೆ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ತಗಡಿನ ವರ್ಕ್‌ಶಾಪಿನಲ್ಲಿ ಅಳತೆ ಕೊಟ್ಟು ಮಾಡಿಸಿದೆ. ಅದನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಕಟ್ಟಿ ಅಬುಧಾಬಿಗೆ ತಂದೆ. ಸದಾನಂದಣ್ಣ ಅದನ್ನು ತಿರುಗಿಸಿ ನೋಡಿ, ಅಂಗಾತ ಇಟ್ಟು, ಹೆಚ್ಚಿದ ಹಸಿಮೆಣಸು, ಶುಂಠಿ, ಕರಿಬೇವನ್ನು ಅದರಲ್ಲಿ ಹರವಿಕೊಂಡರು. "ನಿಮ್ಮ ಶೆಫ್‌ನ ಮುಚ್ಚಳ ಒಳ್ಳೆ ತಟ್ಟೆ ಆಯ್ತು." ಶೆಫ್ ಅದನ್ನು ನೋಡಿದರು. ಮುಚ್ಚಳ ಪಕ್ಕದಲ್ಲಿತ್ತಲ್ಲ, ಸುಮ್ಮನಾದರು.

ದೋಸೆ ಹುಯ್ಯುವವರ ಕೈ ನಿಮಗೆ ಗೊತ್ತೇ ಇದೆ. ಕಾವಲಿ ಹೊಗೆಯಾಡಿತೋ, ಕೈ ತಾನಾಗಿ ನೀರಿನ ಬೋಗುಣಿಗೆ ಹೋಗುತ್ತದೆ, ಚಿಮುಕಿಸುತ್ತದೆ, ಚುರ್ ಎಂದಮೇಲೆ ಅರ್ಧ ಈರುಳ್ಳಿಯಿಂದ ಒರೆಸುತ್ತದೆ. ತಲೆಗೆ ಅಲ್ಲಿ ಕೆಲಸವಿಲ್ಲ. ಆ ಶುಕ್ರವಾರ ಹೊಗೆಯಾಡಿದ್ದು ಕಾವಲಿಯಲ್ಲ, ಪಕ್ಕದ ಬಾಣಲೆ. ಸದಾನಂದಣ್ಣ ಕಾವಲಿಯ ಮೇಲಿನ ದೋಸೆ ಮಗುಚುತ್ತಿದ್ದರು. ಕಣ್ಣಂಚಿಗೆ ಹೊಗೆ ಕಂಡಿತು. ಕೈ ಬೋಗುಣಿಗೆ ಹೋಯಿತು. ನಾನು ನೋಡುತ್ತಿದ್ದಂತೆಯೇ ಬೊಗಸೆ ನೀರು ಎಣ್ಣೆಯ ಮೇಲೆ ಬಿತ್ತು.

ಎಣ್ಣೆ ಉಕ್ಕಿ ಬರ್ನರಿಗೆ ಇಳಿಯಿತು, ಬಾಣಲೆ ಹತ್ತಿಕೊಂಡಿತು. ಜ್ವಾಲೆ ಸದಾನಂದಣ್ಣನ ಎದೆಯೆತ್ತರಕ್ಕೆ ಬಂತು, ಅದಕ್ಕಿಂತ ಮೇಲಿಲ್ಲ. ಗೋಡೆಯಾಚೆ ಅತಿಥಿಗಳಿದ್ದರಲ್ಲ, ಅವರಿಗೆ ತಿಳಿಯಬಾರದೆಂದು ಸದಾನಂದಣ್ಣ ಎರಡು ಬಟ್ಟೆ ಹಿಡಿದು ಬಾಣಲೆಯ ಎರಡೂ ಕಿವಿಗಳನ್ನು ಹಿಡಿದರು. ಅದನ್ನು ಹೊರಗೆ ಒಯ್ಯಲೆಂದು ಹಿಂಬಾಗಿಲ ಕಡೆ, ಎಂದರೆ ನನ್ನ ಕಡೆ, ಮುಖ ತಿರುಗಿಸಿದರು.

"ಛೋಡ್ ದೋ, ಸದಾ. ಛೋಡ್ ದೋ."

ಬಿಟ್ಟುಬಿಡು ಎನ್ನುತ್ತ ಶೆಫ್ ಎಲ್ಲಿಂದ ಬಂದರೋ ನಾನು ಕಾಣಲಿಲ್ಲ. ಕಂಡದ್ದು ಅವರ ಕೈ: ಮುಚ್ಚಳವನ್ನು ಎತ್ತಿ ಕೊಡವಿತು, ಮೆಣಸು ಕರಿಬೇವು ನೆಲಕ್ಕೆ ಹಾರಿದವು, ಮುಚ್ಚಳ ಬಾಣಲೆಯ ಮೇಲೆ ಕೂತಿತು. ಇನ್ನೊಂದು ಕೈ ಗ್ಯಾಸ್ ತಿರುಗಿಸಿತು. ಬೆಂಕಿ ಅಲ್ಲಿಗೆ ಮುಗಿಯಿತು. ಎಚ್ಚರಿಕೆಯ ಗಂಟೆ ಕೂಡ ಮೊಳಗಲಿಲ್ಲ.

ಶೆಫ್ ಸದಾನಂದಣ್ಣನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಆ ಕೆನ್ನೆ ಈ ಕೆನ್ನೆ ತಿರುಗಿಸಿ ನೋಡಿದರು. ಎಲ್ಲ ಇದೆಯೋ ಇಲ್ಲವೋ ಎಂಬಂತೆ. ಆಮೇಲೆ ಈರುಳ್ಳಿಯ ಖಾಲಿ ಕ್ರೇಟಿನ ಮೇಲೆ ಕುಸಿದು ಕೂತರು. ಪೇಸ್ಟ್ರಿ ಮಾಡುವ ಫಿಲಿಪೀನ್ಸಿನ ಗ್ರೇಸ್ ಒಂದು ಲೋಟ ನೀರು ತಂದು, ಯಾರಿಗೆ ಕೊಡಬೇಕೆಂದು ತಿಳಿಯದೆ ನಿಂತಿದ್ದಳು.

"ಈಗ ಬಜೆ ಬೆವರ್ತದೆ ಶೆಫ್," ಎಂದರು ಸದಾನಂದಣ್ಣ.

ನಾನು ಅದನ್ನು ಭಾಷಾಂತರಿಸುವ ಮೊದಲೇ ಶೆಫ್ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

ಅಂದು ಮಧ್ಯಾಹ್ನ ಹಿಂಬಾಗಿಲ ಮೆಟ್ಟಿಲ ಮೇಲೆ ಸದಾನಂದಣ್ಣ, ಗ್ರೇಸ್, ನಾನು, ಹೀಗೆ ನಮ್ಮ ಮೂವರನ್ನೂ ಕೂರಿಸಿಕೊಂಡು ಶೆಫ್ ಅಜ್ಜನ ಕಥೆ ಪೂರ್ತಿ ಹೇಳಿದರು. ಅವರ ವಸತಿಗೃಹದಲ್ಲೂ ಆಗ ಊಟದ ಹೊತ್ತು, ಪಕ್ಕದ ಕೋಣೆಯಲ್ಲಿ ಅತಿಥಿಗಳು. ಕರಗುತ್ತಿದ್ದ ಹಂದಿಯ ಕೊಬ್ಬಿಗೆ ಬೆಂಕಿ ಹತ್ತಿತು. ಯಾರೂ ಹೆದರಬಾರದೆಂದು ಅಜ್ಜ ಉರಿಯುವ ಬಾಣಲೆಯನ್ನು ಎತ್ತಿಕೊಂಡು ಹೊರಗೆ ಹೊರಟರು. "ಬಾಗಿಲು ಒಳಕ್ಕೆ ತೆರೆಯುವಂಥದ್ದು," ಎಂದರು ಶೆಫ್. "ಎರಡೂ ಕೈಯಲ್ಲಿ ಬಾಣಲೆ. ಎಳೆಯಲು ಕೈ ಎಲ್ಲಿದೆ?"

ಅಜ್ಜ ಉಳಿದರು. ಅರ್ಧ ಮುಖ ಸುಟ್ಟುಹೋಯಿತು, ಎರಡೂ ಕೈಯ ಬೆರಳು ಬೆಂದು ಮಡಚಿಕೊಂಡವು. ಅತಿಥಿಗಳ ಮುಂದೆ ಮತ್ತೆ ಬರಲಿಲ್ಲ. ಪಾತ್ರೆ ತೊಳೆಯಲು ಬಂದಿದ್ದ ಅಜ್ಜಿಯೇ ಒಲೆಯ ಮುಂದೆ ನಿಂತು ಮನೆ ನಡೆಸಿದರು. ಅಜ್ಜ ಹಿತ್ತಲಲ್ಲಿ ಕೂತು, ಹಳೆಯ ತಾಮ್ರದ ಹಂಡೆಯೊಂದನ್ನು ಕತ್ತರಿಸಿ, ಮಡಚಿಹೋದ ಬೆರಳುಗಳಲ್ಲೇ ಸುತ್ತಿಗೆ ಹಿಡಿದು, ಮನೆಯ ಪ್ರತಿ ಪಾತ್ರೆಗೂ ಮುಚ್ಚಳ ಬಡಿದರು. ಮನೆಯಿಂದ ಯಾರೇ ಅಡುಗೆಯ ಕೆಲಸಕ್ಕೆ ಹೊರಟರೂ ಕೈಗೊಂದು ಮುಚ್ಚಳ. ಅಪ್ಪ ಅದನ್ನು ಹಡಗಿಗೆ ಒಯ್ದರು, ಮಗ ಮರಳುಗಾಡಿಗೆ ತಂದರು.

ಶೆಫ್ ಒಂದು ಫೋಟೋ ತೋರಿಸಿದರು. ಮನೆಮಂದಿಯೆಲ್ಲ ಸಾಲಾಗಿ ನಿಂತಿದ್ದಾರೆ. ಕೊನೆಯಲ್ಲಿ ಅಜ್ಜ, ತಾಮ್ರದ ಮುಚ್ಚಳವನ್ನು ಒಂದು ಕೆನ್ನೆಗೆ ಅಡ್ಡ ಹಿಡಿದಿದ್ದಾರೆ. ಕಾಣುವ ಅರ್ಧದಲ್ಲಿ ನಗು. "ನೋಡಿದವರೆಲ್ಲ ಎಷ್ಟು ತಮಾಷೆಯ ಮನುಷ್ಯ ಅನ್ನುತ್ತಾರೆ," ಎಂದರು ಶೆಫ್. "ತಮಾಷೆಯ ಮನುಷ್ಯನೇ."

ಸದಾನಂದಣ್ಣ ಬಹಳ ಹೊತ್ತು ಫೋಟೋ ಹಿಡಿದುಕೊಂಡಿದ್ದರು. ಕೊನೆಗೆ ಅದನ್ನು ಕಣ್ಣಿಗೊತ್ತಿಕೊಂಡು ಹಿಂದಿರುಗಿಸಿದರು. ಶೆಫ್‌ಗೆ ಅದರ ಅರ್ಥವನ್ನು ನಾನು ಹೇಳಬೇಕಾಗಲಿಲ್ಲ.

ಇಷ್ಟನ್ನು ಇವತ್ತು ತಿಂಡಿಯ ಹೊತ್ತಿಗೆ ಮಗಳಿಗೆ ಮೊದಲ ಸಲ ಹೇಳಿದೆ. ಇಷ್ಟು ವರ್ಷ ಬರೀ "ಮುಚ್ಚಳ ಇಡು" ಎಂದು ಗದರುತ್ತಿದ್ದೆನೇ ಹೊರತು ಯಾಕೆಂದು ಹೇಳಿರಲಿಲ್ಲ. ಅವಳ ಫೋನು ಯಾವಾಗಲೋ ಮೇಜಿನ ಮೇಲೆ ಬೋರಲಾಗಿತ್ತು. "ಅವರೆಲ್ಲ ಈಗ ಎಲ್ಲಿದಾರೆ?" ಎಂದು ಕೇಳಿದಳು, ಕನ್ನಡದಲ್ಲಿ.

ಶೆಫ್ ಊರಿಗೆ ಮರಳಿ ಹೋದರು. ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ತಾಮ್ರದ ಮುಚ್ಚಳ ಅವರ ಮಗಳ ಅಡುಗೆಮನೆಗೆ ಹೋಯಿತಂತೆ. ಆ ಬೆಂಕಿಯನ್ನು ಕಂಡವರಲ್ಲಿ ನಾನಿದ್ದೇನೆ. ಈ ಸುದ್ದಿ ತಿಳಿಸಿದ ಗ್ರೇಸ್ ಇದ್ದಾಳೆ, ಶಾರ್ಜಾದಲ್ಲಿ. ಸದಾನಂದಣ್ಣ ಇದ್ದಾರೆ, ದುಬೈನ ಮುಹೈಸ್ನಾದ ಒಂದು ಮೆಸ್ಸಿನಲ್ಲಿ ದೋಸೆ ಹುಯ್ಯುತ್ತಾರೆ, ಕಾವಲಿಗೆ ಈಗಲೂ ನೀರು ಚಿಮುಕಿಸುತ್ತಾರೆ, ಬಾಣಲೆಯ ಪಕ್ಕದ ಮುಚ್ಚಳದಲ್ಲಿ ಮಾತ್ರ ಏನನ್ನೂ ಇಡುವುದಿಲ್ಲ. ಅವರ ಮುಖದಲ್ಲಿ ಒಂದು ಕಲೆಯೂ ಇಲ್ಲ.